ದಿನ ತುಂಬದ ಕೂಸು ಮತ್ತು ಕಣ್ಣಿಗೆ ಕಾಣದ ಉರಿಯೂತ

ನಮ್ಮ ಮನೆಮಾತು ಉರ್ದು. ಅದರಲ್ಲಿ ಊತಕ್ಕೆ 'ಸೂಜನ್' ಅನ್ನುತ್ತೇವೆ. ಕನ್ನಡದ 'ಉರಿಯೂತ' ಪದದಲ್ಲಿ ಉರಿಯೂ ಇದೆ, ಊತವೂ ಇದೆ. ಮುಳ್ಳು ಚುಚ್ಚಿದ ಬೆರಳು ಕೆಂಪಾಗಿ, ಬಿಸಿಯಾಗಿ ಊದುವುದು ಉರಿಯೂತವೇ. ರೋಗಾಣುಗಳ ವಿರುದ್ಧ ದೇಹ ನಡೆಸುವ ಹೋರಾಟವದು. ಅದೇ ಹೋರಾಟ ಗರ್ಭದೊಳಗೆ ನಡೆದರೆ? ನಾನು ವಾಣಿಜ್ಯ ವಿಭಾಗದವಳು. ಆದರೂ ಶಹಾಪುರದಲ್ಲಿರುವ ನಮ್ಮ ಖಾಲಾ ಅವರ ಮಗಳು, ನಮ್ಮ ಆಪಾಗೆ 32 ವಾರಕ್ಕೇ ಹೆರಿಗೆಯಾದ ಮೇಲೆ ಇದನ್ನು ತಿಳಿಯಲೇಬೇಕು ಅನ್ನಿಸಿತು.

37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1.34 ಕೋಟಿ, ಭಾರತವೊಂದರಲ್ಲೇ ಸುಮಾರು 30 ಲಕ್ಷ ಮಕ್ಕಳು ಹೀಗೆ ಹುಟ್ಟಿದರು. ರಕ್ತದೊತ್ತಡ, ಅವಳಿ ಗರ್ಭ ಹೀಗೆ ಕಾರಣಗಳು ಹಲವು. ಸೋಂಕು ಅವುಗಳಲ್ಲಿ ಮುಖ್ಯವಾದದ್ದು. ರೋಗಾಣುಗಳು ಗರ್ಭಚೀಲವನ್ನು ತಲುಪಿದಾಗ ತಾಯಿಯ ದೇಹವೂ ಮಗುವಿನ ದೇಹವೂ ಸೈಟೊಕೈನ್ ಎಂಬ ಪ್ರೋಟೀನುಗಳನ್ನು ಬಿಡುತ್ತವೆ. ಅವು ಹೆರಿಗೆ ನೋವನ್ನು ಬೇಗ ಎಬ್ಬಿಸಬಲ್ಲವು. ಮಗುವಿನ ಮೆದುಳಿಗೂ ತೊಂದರೆ ಕೊಡಬಲ್ಲವು. ಸುಮಾರು 23ರಿಂದ 32ನೇ ವಾರದವರೆಗೆ ನರತಂತುಗಳಿಗೆ ಹೊದಿಕೆ ಹಾಕಬೇಕಾದ ಜೀವಕೋಶಗಳು ಇನ್ನೂ ಎಳೆಯವು. ಅವು ಹಾಳಾದರೆ ಕೂರುವುದು, ನಡೆಯುವುದು, ಮಾತು, ಗಮನ ಎಲ್ಲವೂ ತಡವಾಗಬಹುದು.

ಅಮೆರಿಕದ 14 ಆಸ್ಪತ್ರೆಗಳಲ್ಲಿ 2002ರಿಂದ 2004ರವರೆಗೆ, 28 ವಾರಕ್ಕಿಂತ ಮೊದಲು ಹುಟ್ಟಿದ ಮಕ್ಕಳ ಅಧ್ಯಯನ ಶುರುವಾಯಿತು. ಜನಿಸಿದ ಮೊದಲ ವಾರಗಳಲ್ಲಿ ಉರಿಯೂತ ಒಮ್ಮೆ ಕಂಡು ಇಳಿದವರಿಗಿಂತ, ವಾರದ ಅಂತರದಲ್ಲಿ ಮತ್ತೆ ಕಂಡವರಿಗೆ ಬೆಳವಣಿಗೆಯ ತೊಂದರೆ ಹೆಚ್ಚು ಎಂದು ಅದು ತೋರಿಸಿತು. ಆದರೆ ಅಪಾಯ ಹೆಚ್ಚು ಎಂದರೆ ಹಣೆಬರಹ ಎಂದಲ್ಲ. ಇಂಥ ಎಷ್ಟೋ ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ.

ನಮ್ಮ ರಾಜ್ಯದ ಬೆಳಗಾವಿಯೂ ಸೇರಿದಂತೆ ಏಳು ದೇಶಗಳಲ್ಲಿ 29,278 ಗರ್ಭಿಣಿಯರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಹೆರಿಗೆ ನೋವಿನ ವೇಳೆ ಒಮ್ಮೆ ಅಜಿತ್ರೊಮೈಸಿನ್ ಕೊಟ್ಟಾಗ ತಾಯಂದಿರ ತೀವ್ರ ಸೋಂಕು ಅಥವಾ ಸಾವು 2.4%ರಿಂದ 1.6%ಕ್ಕೆ ಇಳಿಯಿತು. ಶಿಶುಗಳ ಸೋಂಕು, ಸಾವು ಮಾತ್ರ ಕಡಿಮೆಯಾಗಲಿಲ್ಲ. ಇದರಿಂದ ನನಗೆ ಅನ್ನಿಸಿದ್ದು: ಕೂಸಿನ ಕಾಳಜಿ ಹೆರಿಗೆ ಕೋಣೆಗಿಂತ ಬಹಳ ಮೊದಲೇ ಶುರುವಾಗಬೇಕು.

ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ ಹತ್ತಿ ಬಿಡಿಸಲು ಹೋಗುವ ಗರ್ಭಿಣಿಯರು ಹೊಲದಲ್ಲಿ ಶೌಚಾಲಯವಿಲ್ಲವೆಂದು ನೀರು ಕಡಿಮೆ ಕುಡಿದು ಮೂತ್ರ ತಡೆದುಕೊಳ್ಳುತ್ತಾರೆ. ಮೂತ್ರದ ಸೋಂಕಿಗೆ ಇದೂ ಒಂದು ದಾರಿ. ಉರಿಮೂತ್ರ, ಜ್ವರ, ದುರ್ವಾಸನೆಯ ಸ್ರಾವ, ನೀರು ಹೋಗುವುದು ಇವನ್ನು ನಾಚಿಕೆಯಿಂದ ಮುಚ್ಚಿಡುವವರೇ ಹೆಚ್ಚು. ನಮ್ಮ ಆಪಾ ಕೂಡ ಎರಡು ದಿನ ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಕೆಲವರು ಗ್ರಹಣದ ಮೇಲೆ, ಕೆಲವರು ಅವಳ ಮೇಲೆಯೇ ತಪ್ಪು ಹೊರಿಸಿದರು. ತಪ್ಪು ಅವಳದಲ್ಲ. ಇಂಥ ಮಾತನ್ನು ಹೇಳಿಕೊಳ್ಳಬಾರದೆಂದು ಅವಳಿಗೆ ಕಲಿಸಿದವರು ನಾವೇ ಅಲ್ಲವೇ?

ಹುಟ್ಟಿದ ಮೇಲೂ ಮಾಡಬೇಕಾದದ್ದಿದೆ. ಕೈ ತೊಳೆದೇ ಕೂಸನ್ನು ಮುಟ್ಟಬೇಕು, ತಾಯಿಯ ಹಾಲೇ ಕೊಡಬೇಕು, ಕೂಸನ್ನು ಎದೆಗೆ ಅಂಟಿಸಿಕೊಂಡು ಇರಬೇಕು. ಕಾಂಗರೂ ಆರೈಕೆ ಎಂಬ ಈ ಕೊನೆಯ ಪದ್ಧತಿಯನ್ನು ಹುಟ್ಟಿದ ಕೂಡಲೇ ಶುರುಮಾಡಿದರೆ ಕಡಿಮೆ ತೂಕದ ಶಿಶುಗಳ ಸಾವು 25%ರಷ್ಟು ತಗ್ಗುತ್ತದೆಂದು ದೆಹಲಿಯೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ 2021ರಲ್ಲಿ ತಿಳಿಸಿತು.

ಕೊನೆಗೆ ನಮ್ಮ ವಿಭಾಗದವರಿಗೆ ಸುಲಭವಾದ ಒಂದು ಲೆಕ್ಕ. ಆಪಾಳ ಮಗು 8 ವಾರ ಮೊದಲೇ ಹುಟ್ಟಿತು. ಆದ್ದರಿಂದ ಆರು ತಿಂಗಳಾದಾಗ ಅದನ್ನು ನಾಲ್ಕು ತಿಂಗಳ ಮಗುವೆಂದು ಎಣಿಸಬೇಕು. ಎರಡು ವರ್ಷದವರೆಗೂ ವೈದ್ಯರು ಹೀಗೇ ಕಳೆದು ನೋಡುತ್ತಾರೆ. ಪಕ್ಕದ ಮನೆಯ ಕೂಸಿನೊಂದಿಗೆ ಹೋಲಿಸಿ ಅಳುವ ಅಗತ್ಯವಿಲ್ಲ. ಹಾಗಂತ 'ತಾನಾಗೇ ಸರಿಹೋಗುತ್ತದೆ' ಎಂದು ಸುಮ್ಮನಿರಲೂ ಬಾರದು. ಬಸ್ಸಿನ ಖರ್ಚು, ಒಂದು ದಿನದ ಕೂಲಿ ಹೋಗುತ್ತದೆಂದು ಖಾಲಾ ತಪಾಸಣೆ ಸಾಕೆಂದಿದ್ದರು. ಈಗ ತಾರೀಖು ನೆನಪಿಸುವ ಕೆಲಸ ನನ್ನದು. ನಿಮ್ಮ ಮನೆಯಲ್ಲೂ ಇಂಥ ಕೂಸಿದ್ದರೆ ತಾಯಿ ಕಾರ್ಡ್ ತೆಗೆದು ವಾರಗಳನ್ನು ಎಣಿಸಿರಿ. ಮುಂದಿನ ತಪಾಸಣೆ ಎಂದು ಎಂಬುದನ್ನು ಆಶಾ ಕಾರ್ಯಕರ್ತೆಯನ್ನು ಕೇಳಿ ಬರೆದಿಡಿರಿ.