ಕಾರ್ಬ್ಯುರೇಟರ್: ಮಳೆಗಾಲದ ಆರೈಕೆ

ಮಳೆಗಾಲ ಬಂತೆಂದರೆ ನಮ್ಮ ಕೆಮ್ಮಣ್ಣು, ಹೂಡೆ ಕಡೆ ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗದ ಬೈಕ್‌ಗಳು ಕಾಣಸಿಗುತ್ತವೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕ್‌ಗಳಿಗೆ ಹೆಚ್ಚಾಗಿ ಫ್ಯೂಯೆಲ್ ಇಂಜೆಕ್ಷನ್ ಇದೆ. ಹಳೆಯ ಸ್ಪ್ಲೆಂಡರ್‌ನಲ್ಲಿ, ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಿಂದಿನ ಯೆಜ್ಡಿಯಲ್ಲಿ ಇರುವುದು ಕಾರ್ಬ್ಯುರೇಟರ್. ಅಬ್ಬಾ ಮಲ್ಪೆಯಿಂದ ಮೀನು ತಂದು ಮಾರುವುದು ಇಂಥದ್ದೇ ಹಳೆ ಬೈಕಿನಲ್ಲಿ. ಅದು ನಿಂತರೆ ಆ ದಿನದ ಸಂಪಾದನೆಯೂ ನಿಂತಂತೆ. ಬೈಕ್ ಓಡಿಸಲು ನನಗಿನ್ನೂ ವಯಸ್ಸಾಗಿಲ್ಲ, ಆದರೆ ಆರೈಕೆ ಕಲಿಯಲು ಲೈಸೆನ್ಸ್ ಬೇಕಿಲ್ಲವಲ್ಲ!

ಕಾರ್ಬ್ಯುರೇಟರ್‌ನ ಕೆಲಸ ಗಾಳಿ ಮತ್ತು ಪೆಟ್ರೋಲನ್ನು ಹದವಾಗಿ ಬೆರೆಸುವುದು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಕಿರಿದಾದ ದಾರಿಯಲ್ಲಿ ಗಾಳಿ ವೇಗವಾಗಿ ಹಾಯುವಾಗ ಅಲ್ಲಿ ಒತ್ತಡ ಕಡಿಮೆಯಾಗಿ, ಕೆಳಗಿನ ಬಟ್ಟಲಿನ ಪೆಟ್ರೋಲ್ ಜೆಟ್ ಎಂಬ ಸಣ್ಣ ತೂತಿನ ಮೂಲಕ ಮೇಲೇರುತ್ತದೆ.

ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಬೆರೆತಿರುತ್ತದೆ. ಅದು ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಬೇರ್ಪಟ್ಟು ಬಟ್ಟಲಿನ ತಳ ಸೇರುತ್ತದೆ. ಬೈಕನ್ನು ವಾರಗಟ್ಟಲೆ ನಿಲ್ಲಿಸಿದರೆ ಪೆಟ್ರೋಲ್ ಆರಿ, ಉಳಿದ ಅಂಟು ಜೆಟ್ಟನ್ನು ಮುಚ್ಚುತ್ತದೆ.

ಆರೈಕೆ ಹೀಗೆ:

1. ಇಂಜಿನ್ ತಣ್ಣಗಿರಲಿ. ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರವಿದ್ದು, ಹಿರಿಯರೊಬ್ಬರ ಜೊತೆ ಕೆಲಸ ಮಾಡಿ.

2. ಪೆಟ್ರೋಲ್ ಕಾಕ್ ಬಂದ್ ಮಾಡಿ. ಬಟ್ಟಲಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ, ಪೆಟ್ರೋಲನ್ನು ಪಾರದರ್ಶಕ ಬಾಟಲಿಗೆ ಇಳಿಸಿ. ತಳದಲ್ಲಿ ನೀರು ಬೇರೆಯಾಗಿ ಕಂಡರೆ ಕಾರಣ ಸಿಕ್ಕಿತು. ಎಷ್ಟೋ ಸಲ ಇಷ್ಟಕ್ಕೇ ಬೈಕ್ ಸ್ಟಾರ್ಟ್ ಆಗುತ್ತದೆ.

3. ಆಗದಿದ್ದರೆ ಬಟ್ಟಲು ಬಿಚ್ಚಿ, ಜೆಟ್‌ಗಳನ್ನು ತೆಗೆದು, ಕಾರ್ಬ್ಯುರೇಟರ್ ಕ್ಲೀನರ್ ಹಾಕಿ ಗಾಳಿ ಊದಿಸಿ. ತಂತಿ ಚುಚ್ಚಬೇಡಿ. ಜೆಟ್ ಮೆದು ಹಿತ್ತಾಳೆಯದು. ತೂತು ದೊಡ್ಡದಾದರೆ ಪೆಟ್ರೋಲ್ ಹೆಚ್ಚು ಹೋಗಿ ಮೈಲೇಜ್ ಇಳಿಯುತ್ತದೆ.

4. ಏರ್ ಫಿಲ್ಟರ್ ನೋಡಿ. ಅದು ಕಟ್ಟಿಕೊಂಡಿದ್ದರೆ ಗಾಳಿ ಕಡಿಮೆಯಾಗಿ ಪ್ಲಗ್ ಕಪ್ಪಾಗುತ್ತದೆ.

5. ಕೊನೆಗೆ, ಇಂಜಿನ್ ಬಿಸಿಯಾದ ಮೇಲೆ, ಐಡಲ್ ಸ್ಕ್ರೂವನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ ಸದ್ದು ಹದಕ್ಕೆ ತನ್ನಿ.

ಬೈಕನ್ನು ಹಲವು ದಿನ ನಿಲ್ಲಿಸುವುದಿದ್ದರೆ ಕಾಕ್ ಬಂದ್ ಮಾಡಿ ಬಟ್ಟಲು ಖಾಲಿ ಮಾಡುವುದು ಒಳ್ಳೆಯದು.

ಅಕೌಂಟೆನ್ಸಿಯಲ್ಲಿ ನಾವು ಸವಕಳಿ ಲೆಕ್ಕ ಬರೆಯುತ್ತೇವೆ. ಯಂತ್ರ ಸವೆಯುವುದನ್ನು ಯಾರೂ ತಪ್ಪಿಸಲಾರರು. ಆದರೆ ಹತ್ತು ನಿಮಿಷದ ಆರೈಕೆಯಿಂದ ಒಂದು ದಿನದ ದುಡಿಮೆ ಉಳಿಯುವುದಾದರೆ, ಅದೂ ಲಾಭದ ಬದಿಗೇ ಸೇರಬೇಕು.