97 ಡಿಗ್ರಿಯ ಅಡಿಗೆಮನೆ

ಹೋಟೆಲಿನಲ್ಲಿ ಉಂಡವರು ನಮ್ಮಲ್ಲಿ ಅನೇಕರು; ಪಾಠಶಾಲೆಯಲ್ಲಿ ಉಂಡವರು ಕಡಮೆ. ಹೋಟೆಲಿನ ವಿದ್ಯೆಯನ್ನು ಕಲಿಸುವ ಕಾಲೇಜುಗಳಲ್ಲಿ ತರಬೇತಿಗೆಂದೇ ಒಂದು ಭೋಜನಶಾಲೆ ಇರುತ್ತದೆ. ಅಲ್ಲಿ ಅಡಿಗೆ ಮಾಡುವವರೂ ಬಡಿಸುವವರೂ ಲೆಕ್ಕ ಬರೆಯುವವರೂ ವಿದ್ಯಾರ್ಥಿಗಳೇ. ಒಂದು ಸರದಿಯಲ್ಲಿ ಒಲೆಯ ಮುಂದೆ ಬೆವರಿದವನು ಇನ್ನೊಂದು ಸರದಿಯಲ್ಲಿ ಇಸ್ತ್ರಿ ಮಾಡಿದ ಕೋಟು ತೊಟ್ಟು ಅತಿಥಿಗಳ ಮುಂದೆ ಬಂದು ನಿಲ್ಲುತ್ತಾನೆ. ಅವನ ಕೈ ಕೊಂಚ ನಡುಗಿದರೆ ಅತಿಥಿಯು ಅದನ್ನು ಕಾಣದವನಂತೆ ಇರುವುದು ಸೌಜನ್ಯ.

ಈ ವಿದ್ಯೆಯು ನಮ್ಮ ದೇಶಕ್ಕೆ ಬಂದು ಬಹುಕಾಲವಾಗಿಲ್ಲ. 1954ರಲ್ಲಿ ಲೀಲಾವತಿ ಮುನ್ಷಿಯವರ ಪ್ರಯತ್ನದಿಂದ ಮುಂಬಯಿಯಲ್ಲಿ ಇಂತಹ ಮೊದಲ ಸಂಸ್ಥೆ ಹುಟ್ಟಿತು. ಬೆಂಗಳೂರಿನಲ್ಲಿ 1969ರಲ್ಲಿ ಪ್ರಾರಂಭವಾದ ಫುಡ್ ಕ್ರಾಫ್ಟ್ ಇನ್‌ಸ್ಟಿಟ್ಯೂಟ್ ಮುಂದೆ ಬೆಳೆದು ಶೇಷಾದ್ರಿ ರಸ್ತೆಯ ಹೋಟೆಲ್ ನಿರ್ವಹಣಾ ಸಂಸ್ಥೆಯಾಯಿತು. ಯೋಧರ ಮಕ್ಕಳಿಗಾಗಿ 1996ರಲ್ಲಿ ಕೊತ್ತನೂರಿನ ಬಳಿ ಮತ್ತೊಂದು ಸಂಸ್ಥೆ ಸ್ಥಾಪಿತವಾಯಿತು. ಕೃಷ್ಣರಾಜಪುರದ ಕಡೆಯ ಖಾಸಗಿ ಕಾಲೇಜುಗಳಲ್ಲಿಯೂ ಈಗ ಈ ಶಿಕ್ಷಣ ದೊರೆಯುತ್ತದೆ.

ನಗರದ ಪೂರ್ವಭಾಗದ ಇಂತಹದೊಂದು ಕಾಲೇಜಿನಲ್ಲಿ ನಾನೊಮ್ಮೆ ಊಟಕ್ಕೆ ಕುಳಿತಿದ್ದೆ. ಸಾರು ಬಂದಿತು, ಕೋಳಿಯ ಖಾದ್ಯ ಬಂದಿತು. ಅನ್ನಕ್ಕೆ ಬೇಕಾದ ತೊವ್ವೆ ಮಾತ್ರ ಬರಲಿಲ್ಲ. "ಇನ್ನು ಹತ್ತು ನಿಮಿಷ, ಸಾರ್. ಪುಸ್ತಕದಲ್ಲಿ ಹೇಳಿದಷ್ಟು ಹೊತ್ತೂ ಬೇಯಿಸಿದೆವು, ಬೇಳೆ ಕರಗಿಲ್ಲ" ಎಂದು ಬಡಿಸುತ್ತಿದ್ದ ಹುಡುಗಿ ಕುಂದಿದ ಮುಖದಿಂದ ಹೇಳಿದಳು. ಅಂದಿನ ಪಾಠಕ್ಕಾಗಿ ಬೇಳೆಯನ್ನು ತೆರೆದ ಪಾತ್ರೆಯಲ್ಲಿ ಬೇಯಿಸಿದ್ದರಂತೆ. ಅವಳ ಹಿಂದೆಯೇ ಬಂದ ಅಧ್ಯಾಪಕರು ಗದರಲಿಲ್ಲ. "ಪುಸ್ತಕವನ್ನು ಯಾವ ಊರಿನಲ್ಲಿ ಕುಳಿತು ಬರೆದಿದ್ದಾರಮ್ಮ?" ಎಂದು ಮಾತ್ರ ಕೇಳಿದರು.

ಅತ್ಯಂತ ಉಚಿತವಾದ ಪ್ರಶ್ನೆ. ಶ್ರೀರಂಗಪಟ್ಟಣದ ಜ್ವರಕ್ಕೆ ಅಂಜಿ ಆಂಗ್ಲರು 1809ರಲ್ಲಿ ತಮ್ಮ ದಂಡನ್ನು ಹಲಸೂರಿನ ಬಯಲಿಗೆ ತಂದದ್ದು ಇಲ್ಲಿನ ಎತ್ತರದ ನೆಲದ ತಂಪಿಗಾಗಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಮೇಲಕ್ಕೆ ಹೋದಂತೆ ನಮ್ಮ ತಲೆಯ ಮೇಲಣ ಗಾಳಿಯ ಹೊರೆ ಕಡಮೆಯಾಗುತ್ತದೆ. ಸಮುದ್ರತೀರದಲ್ಲಿ 760 ಮಿಲಿಮೀಟರ್ ಪಾದರಸವನ್ನು ಎತ್ತಿ ಹಿಡಿಯುವ ಗಾಳಿ ಇಲ್ಲಿ ಸುಮಾರು 680ನ್ನು ಮಾತ್ರ ಹಿಡಿಯಬಲ್ಲುದು. ನೀರು ಕುದಿಯುವುದೆಂದರೆ ಅದರ ಆವಿಯ ಒತ್ತಡವು ಮೇಲಿನ ಗಾಳಿಯ ಒತ್ತಡಕ್ಕೆ ಸರಿಗಟ್ಟುವುದು. ಎದುರಾಳಿ ದುರ್ಬಲನಾದರೆ ಗೆಲುವು ಬೇಗ ಬರುವಂತೆ, ಬೆಂಗಳೂರಿನಲ್ಲಿ ನೀರು 100 ಡಿಗ್ರಿ ಸೆಂಟಿಗ್ರೇಡಿನ ಬದಲು ಸುಮಾರು 97ರಲ್ಲಿಯೇ ಕುದಿಯತೊಡಗುತ್ತದೆ. ಒಮ್ಮೆ ಕುದಿಯಿತೆಂದರೆ, ಉರಿಯನ್ನು ಎಷ್ಟು ಹೆಚ್ಚಿಸಿದರೂ ನೀರು ಬೇಗ ಇಂಗುವುದೇ ಹೊರತು ಇನ್ನಷ್ಟು ಬಿಸಿಯಾಗುವುದಿಲ್ಲ.

ಮೂರು ಡಿಗ್ರಿ ಏನು ಮಹಾ ಎನ್ನಬಹುದು. ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆಂಬುದು ಸ್ಥೂಲವಾದ ಲೆಕ್ಕ. ಅದರಂತೆ ನೋಡಿದರೆ, 3 ಡಿಗ್ರಿ ಇಳಿದಾಗ ಮಂಗಳೂರಿನಲ್ಲಿ 40 ನಿಮಿಷದಲ್ಲಿ ಬೇಯುವ ಬೇಳೆಗೆ ಇಲ್ಲಿ 50 ನಿಮಿಷ ಬೇಕು. ಮಣಿಪಾಲದಲ್ಲಿ ಕಲಿತ ಅಡಿಗೆಯವನು ಇಂದಿರಾನಗರದಲ್ಲಿ ಕೆಲಸಕ್ಕೆ ಸೇರಿದರೆ ತನ್ನ ಗಡಿಯಾರವನ್ನು ನಂಬುವಂತಿಲ್ಲ. ಮುಚ್ಚಿದ ಕುಕ್ಕರಿನಲ್ಲಿ ಒತ್ತಡ ಏರುವುದರಿಂದ ಉಷ್ಣತೆ 118 ಡಿಗ್ರಿಯ ಸುಮಾರಿಗೆ ಮುಟ್ಟಿ ಕೆಲಸ ಬೇಗ ಮುಗಿಯುತ್ತದೆ. ಕಾವಲಿಯ ಮೇಲಿನ ದೋಸೆಗೂ ಎಣ್ಣೆಯಲ್ಲಿ ಬೇಯುವ ವಡೆಗೂ ಈ ತೊಡಕು ಅಷ್ಟಾಗಿ ಇಲ್ಲ. ಎಣ್ಣೆಯ ಬಿಸಿ ಕುದಿನೀರಿನ ಬಿಸಿಯನ್ನು ಎಂದೋ ದಾಟಿರುತ್ತದೆ.

ಆದರೆ ಎಲ್ಲ ಅಪರಾಧವನ್ನೂ ಎತ್ತರದ ತಲೆಗೆ ಕಟ್ಟುವುದು ಸರಿಯಲ್ಲ. ನಗರದ ಪೂರ್ವದಲ್ಲಿ ಬಹುಕಾಲ ಕೊಳವೆಬಾವಿಯ ನೀರನ್ನೇ ನೆಚ್ಚಿದ ಬಡಾವಣೆಗಳಿವೆ. ಅಂತಹ ನೀರು ಗಡುಸಾಗಿದ್ದರೆ, ಅದರಲ್ಲಿನ ಕ್ಯಾಲ್ಸಿಯಂ ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತುವನ್ನು ಮತ್ತಷ್ಟು ಬಿಗಿಗೊಳಿಸುತ್ತದೆ. ಹಳೆಯ ಬೇಳೆಯೂ ಮೊಂಡು. ಎತ್ತರದ ಪಾಲೆಷ್ಟು, ನೀರಿನ ಪಾಲೆಷ್ಟು ಎಂದು ತಿಳಿಯಬೇಕಾದರೆ ಒಂದೇ ಚೀಲದ ಬೇಳೆಯನ್ನು ಎರಡು ಪಾತ್ರೆಗಳಲ್ಲಿ, ಒಂದರಲ್ಲಿ ಕಾವೇರಿಯ ನೀರು, ಇನ್ನೊಂದರಲ್ಲಿ ಕೊಳವೆಬಾವಿಯ ನೀರು ಹಾಕಿ, ಒಟ್ಟಿಗೆ ಬೇಯಿಸಿ ನೋಡಬೇಕು. ನಮ್ಮ ಗೃಹಿಣಿಯರಿಗೆ ಫಲಿತಾಂಶವು ಮೊದಲೇ ತಿಳಿದಿದೆ. ಕಾರಣವನ್ನು ಅವರಿಗೆ ಯಾರೂ ಹೇಳಿಲ್ಲ, ಅಷ್ಟೆ.

ತೊವ್ವೆ ತಡವಾದರೆ ನಷ್ಟವೇನೂ ಇಲ್ಲ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅಧ್ಯಾಪಕರು ಅನಂತರ ತೋರಿಸಿದ ಉಷ್ಣಮಾಪಕ. ಮುಳ್ಳಿನಂತಹ ಅದರ ತುದಿಯನ್ನು ಮಾಂಸದ ನಡುವಿಗೆ ಚುಚ್ಚಿ ಒಳಗಿನ ಬಿಸಿಯನ್ನು ಅಳೆಯುತ್ತಾರೆ. ಕೋಳಿಮಾಂಸದ ನಡುಭಾಗ 74 ಡಿಗ್ರಿ ಮುಟ್ಟಬೇಕು. ಉಪಕರಣ ಸರಿಯಾಗಿದೆಯೇ ಎಂದು ಕುದಿನೀರಿನಲ್ಲಿ ಪರೀಕ್ಷಿಸಬಹುದೆಂದು ಪುಸ್ತಕಗಳು ಹೇಳುತ್ತವೆ. ಹೊಸ ವಿದ್ಯಾರ್ಥಿ ಹಾಗೆ ಮಾಡಿದಾಗ ಮುಳ್ಳು 97ರಲ್ಲಿ ನಿಲ್ಲುತ್ತದೆ. ಉಪಕರಣ ಕೆಟ್ಟಿದೆಯೆಂದು ಬಗೆದು, ಹಿಂಬದಿಯ ತಿರುಪನ್ನು ತಿರುಗಿಸಿ ಅವನು ಅದನ್ನು 100ಕ್ಕೆ ತಂದು ನಿಲ್ಲಿಸುತ್ತಾನೆ. ಸತ್ಯವನ್ನೇ ನುಡಿಯುತ್ತಿದ್ದ ಸಾಕ್ಷಿಗೆ ಸುಳ್ಳು ಕಲಿಸಿದಂತಾಯಿತು! ಅಂದಿನಿಂದ ಅದು 74 ಎಂದಾಗ ಮಾಂಸವಿರುವುದು 71ರಲ್ಲಿ. ಬಿಸಿಯಾಗಿಟ್ಟ ಅನ್ನ 60ರಲ್ಲಿದೆಯೆಂದು ಹೇಳಿದಾಗ ನಿಜವಾಗಿ ಇರುವುದು 57ರಲ್ಲಿ. ಒಂದು ದಿನದಲ್ಲಿ ಇದರಿಂದ ಯಾರೂ ಕಾಯಿಲೆ ಬೀಳಲಾರರು. ಆದರೆ ತಪ್ಪುಗಳು ಒಂಟಿಯಾಗಿ ಬರುವುದಿಲ್ಲ. ಅವುಗಳಿಗೆಂದು ಬಿಟ್ಟಿದ್ದ ಅಂತರವನ್ನು ಈ ತಿದ್ದುಪಡಿ ಮೊದಲೇ ನುಂಗಿರುತ್ತದೆ. ಪುಡಿಮಾಡಿದ ಮಂಜುಗಡ್ಡೆ ಮತ್ತು ನೀರಿನಲ್ಲಿ ಪರೀಕ್ಷಿಸುವುದೇ ಮೇಲು. ಮಂಗಳೂರಾದರೇನು, ಶಿವಾಜಿನಗರವಾದರೇನು, ಅಲ್ಲಿ ಮುಳ್ಳು ಸೊನ್ನೆಯಲ್ಲಿಯೇ ನಿಲ್ಲಬೇಕು.

ಅಡಿಗೆ ಇಳಿದ ಮೇಲೂ ಈ ಉಪಕರಣಕ್ಕೆ ಬಿಡುವಿಲ್ಲ. 5 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಉಷ್ಣತೆ ಸೂಕ್ಷ್ಮಜೀವಿಗಳಿಗೆ ಹಬ್ಬ. ಅನ್ನದಲ್ಲಿ ವಾಸಿಸುವ ಬಾಸಿಲಸ್ ಸೀರಿಯಸ್, ಮಾಂಸದ ಸಾರಿನಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಇವುಗಳ ಬೀಜಾಣುಗಳು ಕುದಿತದಲ್ಲಿಯೂ ಸಾಯದೆ ಉಳಿದು, ಪಾತ್ರೆ ಆರತೊಡಗಿದಾಗ ಮೊಳೆಯುತ್ತವೆ. ಎರಡನೆಯದಕ್ಕೆ ಅನುಕೂಲ ದೊರೆತರೆ ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಒಂದು ಜೀವಿ ಎರಡು ಗಂಟೆಗಳಲ್ಲಿ 4,096 ಆಗುವ ಲೆಕ್ಕ ಇದು. ಮನೆಯ ಸಣ್ಣ ಪಾತ್ರೆ ಬೇಗ ಆರುತ್ತದೆ. ಅದರ ಉದ್ದ, ಅಗಲ, ಎತ್ತರಗಳನ್ನು ಇಮ್ಮಡಿಮಾಡಿದರೆ ಒಳಗೆ ಎಂಟರಷ್ಟು ಸಾರು ಹಿಡಿಯುತ್ತದೆ, ಆದರೆ ಶಾಖವನ್ನು ಹೊರಬಿಡುವ ಮೈ ನಾಲ್ಕರಷ್ಟು ಮಾತ್ರ. ಆದುದರಿಂದ ನೂರು ಜನರ ಅಡಿಗೆಯು ನಾಲ್ಕು ಜನರ ಅಡಿಗೆಯ ಇಪ್ಪತ್ತೈದರಷ್ಟಲ್ಲ, ಅದು ಬೇರೆಯೇ ಕೆಲಸ. ಉಳಿದುದನ್ನು ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹರಡಿ, 60ರಿಂದ 21 ಡಿಗ್ರಿಗೆ ಎರಡು ಗಂಟೆಗಳೊಳಗೆ, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆಗಳೊಳಗೆ ಇಳಿಸುವುದನ್ನು ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ.

ತೊವ್ವೆ ಕೊನೆಗೂ ಬಂದಿತು, ನುಣ್ಣಗೆ ಬೆಂದಿತ್ತು. ಊಟದ ಕೊನೆಯಲ್ಲಿ ಅಭಿಪ್ರಾಯ ಬರೆಯಲೆಂದು ಒಂದು ಹಾಳೆ ಕೊಟ್ಟರು. ತಡವಾದುದನ್ನು ನಾನು ಬರೆದೆ. ಬರೆಯದಿದ್ದರೆ ಆ ಹುಡುಗಿಗೆ ನಾನು ಉಪಕಾರ ಮಾಡಿದಂತಾಗುತ್ತಿರಲಿಲ್ಲ. ಕೈತೊಳೆದು ಹೊರಡುವಾಗ ಅಡಿಗೆಮನೆಯ ಬಾಗಿಲಿನಲ್ಲಿ ಇಣುಕಿದೆ. ಅವಳು ತನ್ನ ಟಿಪ್ಪಣಿಪುಸ್ತಕದಲ್ಲಿ "40 ನಿಮಿಷ" ಎಂಬುದನ್ನು ಹೊಡೆದುಹಾಕಿ "50" ಎಂದು ಬರೆದು, ಪಕ್ಕದಲ್ಲಿ ಊರಿನ ಹೆಸರನ್ನೂ ಅಂದಿನ ನೀರು ಯಾವುದೆಂಬುದನ್ನೂ ಗುರುತು ಹಾಕಿಕೊಳ್ಳುತ್ತಿದ್ದಳು.