ಇನ್ಸುಲಿನ್ ಬರೆದುಕೊಟ್ಟರೆ ಸಾಲದು, ಕಲಿಸಲೂಬೇಕು

ವೈದ್ಯರು ಮಧುಮೇಹಿಯನ್ನು ನೋಡುವುದು ತಿಂಗಳಿಗೊಮ್ಮೆ, ಅದೂ ಕೆಲವೇ ನಿಮಿಷ. ಉಳಿದ ದಿನಗಳಲ್ಲಿ ಚುಚ್ಚುಮದ್ದು ಹಾಕಿಕೊಳ್ಳುವುದು, ಊಟದ ಅಳತೆ ನೋಡಿಕೊಳ್ಳುವುದು, ಪಾದ ಕಾಪಾಡಿಕೊಳ್ಳುವುದು ಎಲ್ಲವೂ ರೋಗಿಯದೇ ಕೆಲಸ. ಇದನ್ನು ಅವರಿಗೆ ಕಲಿಸುವವರು ಯಾರು? ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ತರಬೇತಿ ಪಡೆದವರಿರುತ್ತಾರೆ. ಹಳ್ಳಿಗಾಡಿನಲ್ಲಿ ಈ ಹೊಣೆ ಬೀಳುವುದು ತಾಲ್ಲೂಕು ಆಸ್ಪತ್ರೆಯ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯ ಮೇಲೆ. ಜನರ ಬಾಯಲ್ಲಿ 'ಸಿಸ್ಟರ್' ಮೇಲೆ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದೆ. ಸಕ್ಕರೆ ಕಾಯಿಲೆ ಈಗ ಪಟ್ಟಣದ ಶ್ರೀಮಂತರ ರೋಗವಾಗಿ ಉಳಿದಿಲ್ಲ.

ನುರಿತ ದಾದಿ ಉಪದೇಶ ಮಾಡುವುದಕ್ಕಿಂತ ಹೆಚ್ಚಾಗಿ ಮಾಡಿಸಿ ನೋಡುತ್ತಾರೆ. "ಗೊತ್ತಾಯ್ತಾ?" ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುವವರೇ. "ಅಜ್ಜಿ, ಮನೇಲಿ ಹೇಗೆ ಹಾಕ್ಕೋತೀರಿ, ಒಂದ್ಸಲ ನನ್ನೆದುರು ತೋರಿಸಿ" ಎಂದಾಗಲೇ ನಿಜಸ್ಥಿತಿ ಹೊರಬೀಳುತ್ತದೆ.

ಸಿರಿಂಜಿನ ಲೆಕ್ಕ

ನಮ್ಮಲ್ಲಿ ಸಿಗುವ ಇನ್ಸುಲಿನ್ ಸೀಸೆಗಳಲ್ಲಿ ಹೆಚ್ಚಿನವು ಒಂದು ಮಿಲಿಲೀಟರಿಗೆ 40 ಯೂನಿಟ್ ಶಕ್ತಿಯವು. ಇವಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜ್ ಬೇಕು. 100 ಯೂನಿಟ್ ಶಕ್ತಿಯ ಇನ್ಸುಲಿನ್ನಿಗೆ ಕಿತ್ತಳೆ ಬಣ್ಣದ ಮುಚ್ಚಳದ 100ರ ಸಿರಿಂಜ್ ಬೇರೆಯೇ ಇದೆ. ಇವೆರಡು ಅದಲುಬದಲಾದರೆ ಏನಾಗುತ್ತದೆ? ವೈದ್ಯರು 20 ಯೂನಿಟ್ ಹೇಳಿದ್ದಾರೆನ್ನಿ. 40ರ ಸೀಸೆಯಿಂದ 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು ಬರೀ 8 ಯೂನಿಟ್. 100ರ ಸೀಸೆಯಿಂದ 40ರ ಸಿರಿಂಜಿನಲ್ಲಿ ಎಳೆದರೆ 50 ಯೂನಿಟ್! ಮೊದಲನೆಯದರಲ್ಲಿ ಸಕ್ಕರೆ ಇಳಿಯುವುದೇ ಇಲ್ಲ. ಎರಡನೆಯದರಲ್ಲಿ ಪ್ರಾಣಕ್ಕೇ ಅಪಾಯ. ಆದ್ದರಿಂದ ಸೀಸೆ, ಸಿರಿಂಜ್ ಎರಡರ ಮೇಲಿನ ಅಂಕಿಯೂ ಒಂದೇ ಆಗಿದೆಯೇ ಎಂದು ಪ್ರತಿ ಸಲ ನೋಡಬೇಕು. ಓದು ಬಾರದವರಿಗೆ ಮುಚ್ಚಳದ ಬಣ್ಣವನ್ನು ಗುರುತು ಮಾಡಿಸಬೇಕು. ಅಂಗಡಿಗೆ ಹೋಗುವಾಗ ಹಳೆಯ ಸಿರಿಂಜಿನ ಕವರನ್ನು ಒಯ್ಯಲು ಹೇಳಬೇಕು.

ಒಂದೇ ಜಾಗಕ್ಕೆ ದಿನವೂ ಚುಚ್ಚಿಕೊಂಡರೆ ಅಲ್ಲಿ ಗಂಟು ಕಟ್ಟುತ್ತದೆ. ಗಂಟಿನೊಳಗೆ ಹೋದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ದಾದಿ ಹೊಟ್ಟೆ, ತೊಡೆಗಳನ್ನು ಮುಟ್ಟಿ ನೋಡುವುದು ಇದಕ್ಕೇ.

ಫ್ರಿಜ್ ಇಲ್ಲದ ಮನೆಯಲ್ಲಿ

ಇನ್ನೂ ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಬಳಕೆಯಲ್ಲಿರುವ ಸೀಸೆಯನ್ನು 25–30 ಡಿಗ್ರಿ ಮೀರದ ಕಡೆ ಇಟ್ಟು ಸುಮಾರು ನಾಲ್ಕು ವಾರದೊಳಗೆ ಮುಗಿಸಬೇಕು. ಫ್ರಿಜ್ ಇಲ್ಲದವರಿಗೆ ಮಣ್ಣಿನ ಮಡಕೆಯೇ ಆಸರೆ. ದೊಡ್ಡ ಮಡಕೆಯೊಳಗೆ ಒದ್ದೆ ಮರಳು ಹಾಕಿ, ಅದರಲ್ಲಿ ಸಣ್ಣ ಕುಡಿಕೆ ಇಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಸೀಸೆಯನ್ನು ಅದರೊಳಗಿಟ್ಟು ನೆರಳಿನಲ್ಲಿಡಬೇಕು. ಮರಳಿನ ನೀರು ಆರುವಾಗ ಒಳಗೆ ತಂಪು ಉಳಿಯುತ್ತದೆ. ಒಲೆಯ ಬಳಿ, ತಗಡಿನ ಮಾಡಿನ ಕೆಳಗೆ, ಬೈಕಿನ ಪೆಟ್ಟಿಗೆಯಲ್ಲಿ ಇಡಬಾರದು. ಫ್ರಿಜ್ ಇದ್ದವರು ಐಸ್ ಕಟ್ಟುವ ಖಾನೆಯಲ್ಲಿಡಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯಲು ಮಾತ್ರ ಯೋಗ್ಯ.

ಸಕ್ಕರೆ ಕುಸಿದಾಗ

ಚುಚ್ಚುಮದ್ದು ಹಾಕಿಕೊಂಡು ಹೊಲಕ್ಕೆ ಹೋದವರು ಕಳೆ ಮುಗಿಯಲೆಂದು ಊಟ ತಡಮಾಡುವುದುಂಟು. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸಗಳಲ್ಲೂ ಇದೇ ಭಯ. ಬೆವರು, ಕೈನಡುಕ, ಎದೆಬಡಿತ, ಕಣ್ಣು ಕತ್ತಲೆ, ತಡಬಡ ಮಾತು ಕಂಡರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದಿರಬಹುದು. ಕೂಡಲೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಬೇಕು, ಆಮೇಲೆ ಊಟ ಮಾಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಈ ಪಾಠ ರೋಗಿಗಿಂತ ಮನೆಯವರಿಗೆ ಹೆಚ್ಚು ಅಗತ್ಯ. ಉಪವಾಸ ಮಾಡಲೇಬೇಕೆನ್ನುವವರು ಮೊದಲೇ ವೈದ್ಯರಿಗೆ ತಿಳಿಸಿದರೆ ಔಷಧಿಯ ಪ್ರಮಾಣವನ್ನು ಹೊಂದಿಸಬಹುದು.

ಪಾದ, ತಟ್ಟೆ

ಹಳೆಯ ಮಧುಮೇಹಿಗಳ ಪಾದ ಮರಗಟ್ಟಿರಬಹುದು. ಜಾಲಿ ಮುಳ್ಳು ಮುರಿದು ಒಳಗೇ ಉಳಿದರೂ ನೋವಾಗುವುದಿಲ್ಲ. ನೋವಿಲ್ಲವೆಂದು ಬಿಟ್ಟ ಗಾಯ ಕೊಳೆತು ಕಾಲನ್ನೇ ಬಲಿ ತೆಗೆದುಕೊಳ್ಳಬಹುದು. ದಾದಿ ಸಣ್ಣ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ, ಕಣ್ಣು ಮುಚ್ಚಿದ ರೋಗಿಗೆ ತಿಳಿಯುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಮನೆಯಲ್ಲಿ ರಾತ್ರಿ ಕಾಲು ತೊಳೆದ ಮೇಲೆ ಬೆರಳ ಸಂದುಗಳನ್ನು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು; ಕಣ್ಣು ಮಂಜಾದವರಿಗೆ ಮೊಮ್ಮಕ್ಕಳು ನೋಡಲಿ. ಬಿಗಿಯಾದ ಕಾಲುಂಗುರ ಸಡಿಲಿಸಬೇಕು. ಗಾಯಕ್ಕೆ ಸುಣ್ಣ, ಸೊಪ್ಪಿನ ರಸ ಹಚ್ಚದೆ ಅಂದೇ ಆಸ್ಪತ್ರೆಗೆ ತೋರಿಸಬೇಕು.

ರಾಗಿ ಮುದ್ದೆಯನ್ನು ಎಷ್ಟಾದರೂ ತಿನ್ನಬಹುದೆಂಬುದು ತಪ್ಪು ನಂಬಿಕೆ. ರಾಗಿಯಲ್ಲಿ ನಾರು ಇದೆ, ನಿಜ, ಪಿಷ್ಟವೂ ಇದೆ. ಮುದ್ದೆ ಚಿಕ್ಕದಾಗಲಿ, ಸೊಪ್ಪು, ಕಾಳು ಹೆಚ್ಚಲಿ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಚೀಟಿಯೊಂದನ್ನೇ ಒಯ್ಯಬೇಡಿ. ಸೀಸೆ, ಸಿರಿಂಜ್, ಮಾತ್ರೆ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು, ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. "ಸಿಸ್ಟರ್, ನಾನು ಹಾಕಿಕೊಳ್ಳುವುದು ಸರಿಯೇ ನೋಡಿ" ಎಂದು ನೀವೇ ಕೇಳಿ. ಹತ್ತು ನಿಮಿಷದ ಆ ಪಾಠದಿಂದ ಒಂದು ಕಾಲು, ಕೆಲವೊಮ್ಮೆ ಒಂದು ಜೀವ ಉಳಿಯಬಲ್ಲದು.